ಸರಾಯೆವೊದಲ್ಲಿ ಟಿಟೊ ಹೆಸರು ಉಳಿದಿದೆ, ಝಾಗ್ರೆಬ್‌ನಲ್ಲಿ ಕಿತ್ತಿದ್ದಾರೆ. ಯುಗೊಸ್ಲಾವಿಯವನ್ನು ನಾವು ಹೇಗೆ ನೋಡಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಆಫೀಸ್ ಕೆಲಸಕ್ಕೆ ಬಾಸ್ನಿಯದ ರಾಜಧಾನಿ ಸರಾಯೆವೊಗೆ ಹೋಗಿದ್ದೆ. ಊರಿನ ಮುಖ್ಯ ಬೀದಿಗೆ ಇವತ್ತಿಗೂ ಮಾರ್ಷಲ್ ಟಿಟೊ ಅಂತಲೇ ಹೆಸರು. ಯುಗೊಸ್ಲಾವಿಯವನ್ನು 1945ರಿಂದ 1980ರಲ್ಲಿ ಸಾಯುವ ತನಕ ಆಳಿದ ಕಮ್ಯುನಿಸ್ಟ್ ನಾಯಕ ಆತ. ಬಾಸ್ನಿಯ, ಕ್ರೊಯೇಷಿಯ, ಸರ್ಬಿಯ, ಸ್ಲೊವೇನಿಯ ಎಲ್ಲ ಸೇರಿದ್ದ ಆ ದೇಶ 1991ರಿಂದ ಒಡೆದುಹೋಯಿತು. ಬೀದಿಯ ಕೊನೆಯಲ್ಲಿ ಹಗಲೂ ರಾತ್ರಿ ಉರಿಯುವ ಒಂದು ದೀಪ ಇದೆ. 1945ರ ಏಪ್ರಿಲ್ 6ರಂದು ನಾಜಿಗಳ ಕೈಯಿಂದ ಊರನ್ನು ಬಿಡಿಸಿಕೊಂಡವರ ನೆನಪಿಗೆ ಇಟ್ಟದ್ದು. ಹಿಂದಿನ ಗೋಡೆಯಲ್ಲಿ ಸರ್ಬರು, ಮುಸ್ಲಿಮರು, ಕ್ರೊಯೇಷಿಯನ್ನರು ಒಟ್ಟಿಗೆ ರಕ್ತ ಸುರಿಸಿದರು ಎಂದು ಬರೆದಿದೆ. ಜೊತೆಗಿದ್ದವರು ಓದಿ ಹೇಳಿದರು. ಅಲ್ಲಿಂದ ಸ್ವಲ್ಪ ಮುಂದೆ ನಡೆದರೆ ನೆಲದಲ್ಲಿ ಶೆಲ್ ಬಿದ್ದ ಗುಂಡಿ. ಅದರೊಳಗೆ ಕೆಂಪು ಬಣ್ಣ ತುಂಬಿದ್ದಾರೆ. 1992ರಿಂದ 1996ರ ತನಕ 1425 ದಿನ ಬಾಸ್ನಿಯದ ಸರ್ಬ್ ಪಡೆಗಳು ಈ ಊರಿಗೆ ಮುತ್ತಿಗೆ ಹಾಕಿದ್ದವಲ್ಲ, ಆಗಿನದು. ಆ ಗೋಡೆ ನೋಡಿ ಈ ಗುಂಡಿ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ ಕ್ರೊಯೇಷಿಯದ ರಾಜಧಾನಿ ಝಾಗ್ರೆಬ್. ಅಲ್ಲೂ ಟಿಟೊ ಹೆಸರಿನ ಚೌಕ ಇತ್ತು. 2017ರಲ್ಲಿ ಆ ಹೆಸರು ತೆಗೆದು ಕ್ರೊಯೇಷಿಯ ಗಣರಾಜ್ಯದ ಚೌಕ ಎಂದು ಮಾಡಿದರು. ಸ್ಲೊವೇನಿಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಲ್ಯುಬ್ಲಿಯಾನಾ ನಗರ ಸಭೆ ಹೊಸ ರಸ್ತೆಯೊಂದಕ್ಕೆ ಟಿಟೊ ಹೆಸರಿಟ್ಟಾಗ, 2011ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದು ಸಲ್ಲದು ಅಂತ ತೀರ್ಪು ಕೊಟ್ಟಿತು.

ನನ್ನ ಪ್ರಶ್ನೆ ನೇರವಾಗಿದೆ. ಇಷ್ಟೊಂದು ಜನಾಂಗ, ಮೂರು ಧರ್ಮ, ಎರಡು ಲಿಪಿ ಇರುವ ದೇಶ ಬಿಗಿ ಮುಷ್ಟಿ ಇದ್ದರೆ ಮಾತ್ರ ಒಟ್ಟಿಗಿರುತ್ತದಾ? ನಮ್ಮ ಮನೆಯಲ್ಲೂ ತುರ್ತು ಪರಿಸ್ಥಿತಿಯ ಮಾತು ಬಂದಾಗ ಅಜ್ಜ "ಆಗ ರೈಲು ಹೊತ್ತಿಗೆ ಸರಿಯಾಗಿ ಬರ್ತಿತ್ತು" ಎನ್ನುತ್ತಿದ್ದರು. ಅದಕ್ಕೇ ಈ ಪ್ರಶ್ನೆ ನನಗೆ ದೂರದ್ದು ಅನಿಸುತ್ತಿಲ್ಲ.

ಹಳೇಸೇತುವೆ

ನಾನು ಟಿಟೊ ಪರ. ಮೊದಲೇ ಹೇಳಿಬಿಡುತ್ತೇನೆ.

ಆ ದೇಶ ಯಾವ ಸ್ಥಿತಿಯಲ್ಲಿ ಅವನ ಕೈಗೆ ಬಂತು ನೋಡಿ. ಇವತ್ತಿನ ಇತಿಹಾಸಕಾರರ ಲೆಕ್ಕದಲ್ಲಿ ಎರಡನೇ ಮಹಾಯುದ್ಧದಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ದರು. ಯುದ್ಧಕ್ಕೆ ಮುಂಚೆ, 1931ರಲ್ಲಿ, ನೂರಕ್ಕೆ ನಲವತ್ತೈದು ಜನರಿಗೆ ಓದು ಬರಹ ಬರುತ್ತಿರಲಿಲ್ಲ. 1981ರ ಹೊತ್ತಿಗೆ ಅದು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯಿತು. ರಾಜಧಾನಿ ಬೆಲ್‌ಗ್ರೇಡ್‌ನಿಂದ ಝಾಗ್ರೆಬ್‌ಗೆ ಹೆದ್ದಾರಿ ಹಾಕಿದ್ದು ಎಲ್ಲ ಕಡೆಯಿಂದ ಬಂದ ಹುಡುಗ ಹುಡುಗಿಯರು. ಗುದ್ದಲಿ, ಕೈಗಾಡಿ ಹಿಡಿದು ಕೆಲಸ ಮಾಡಿದರು. ರಸ್ತೆಗೆ ಇಟ್ಟ ಹೆಸರೇ 'ಸೋದರತೆ ಮತ್ತು ಒಗ್ಗಟ್ಟು'.

1948ರಲ್ಲಿ ಸ್ಟಾಲಿನ್‌ಗೆ ಎದುರು ನಿಂತ. ಆಗ ಪೂರ್ವ ಯುರೋಪಿನಲ್ಲಿ ಹಾಗೆ ನಿಂತ ಇನ್ನೊಬ್ಬ ನಾಯಕ ಯಾರಿದ್ದ? ಪಕ್ಕದ ಹಂಗೆರಿಯವರು ಗಡಿ ದಾಟಿದರೆ ಗುಂಡು. ಇವರು ಕೆಂಪು ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಕೆಲಸಕ್ಕೆ, ಇಟಲಿಗೆ ಬಟ್ಟೆ ಕೊಳ್ಳಲು ಹೋಗಿ ಬರುತ್ತಿದ್ದರು.

ನಮಗೂ ಆತ ಹತ್ತಿರದವನು. 1954ರ ಡಿಸೆಂಬರಿನಲ್ಲಿ ಹಡಗಿನಲ್ಲಿ ಮುಂಬೈಗೆ ಬಂದಿದ್ದ. 1956ರಲ್ಲಿ ನೆಹರೂ, ಈಜಿಪ್ಟಿನ ನಾಸೆರ್ ಅವನ ಬ್ರಿಯೂನಿ ದ್ವೀಪಕ್ಕೆ ಹೋದರು. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ 25 ದೇಶ ಸೇರಿ ಅಲಿಪ್ತ ಚಳವಳಿಯ ಮೊದಲ ಸಮ್ಮೇಳನ ನಡೆಸಿದವು. ದೆಹಲಿಯಲ್ಲಿ ಇವತ್ತಿಗೂ ಅವನ ಹೆಸರಿನ ರಸ್ತೆ ಇದೆ. ಅವನ ಅಂತ್ಯಕ್ರಿಯೆಗೆ ಇಂದಿರಾ ಗಾಂಧಿ, ಬ್ರೆಜ್ನೆವ್, ಥ್ಯಾಚರ್ ಎಲ್ಲ ಬಂದಿದ್ದರು. ಇಂಥವನನ್ನು ಬರೀ ಸರ್ವಾಧಿಕಾರಿ ಅಂದುಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ವಿಯೆನ್ನಾ ಕನ್ನಡತಿ

ಹಳೇಸೇತುವೆ ಅವರೇ, ನೀವು ಹೇಳಿದ್ದೆಲ್ಲ ನಿಜ. ಆದರೆ ಒಂದು ಮನೆಯ ಕತೆ ಹೇಳುತ್ತೇನೆ, ಕೇಳಿ.

ನಾವಿರುವ ಕಟ್ಟಡದಲ್ಲಿ ಕೆಳಗಿನ ಮನೆಯ ಅಜ್ಜಿ ಬಾಸ್ನಿಯದವರು. 1992ರಲ್ಲಿ ಬಂದವರು. ಅವರು ಮುಸ್ಲಿಂ, ತೀರಿಕೊಂಡ ಗಂಡ ಸರ್ಬ್. ನನ್ನ ಮಗಳನ್ನು ಎಷ್ಟೋ ಸಂಜೆ ಅವರೇ ನೋಡಿಕೊಂಡಿದ್ದಾರೆ. ಅವರ ಅಡುಗೆಮನೆಯಲ್ಲಿ ತಾಮ್ರದ ಸಣ್ಣ ಪಾತ್ರೆಯಲ್ಲಿ ಕಾಫಿ ಮೂರು ಸಲ ಉಕ್ಕಿ ಬರುತ್ತದೆ. ಗೋಡೆಯ ಮೇಲೆ ಟಿಟೊ ಫೋಟೊ. ಬಿಳಿ ಸಮವಸ್ತ್ರದ್ದು.

ಒಂದು ದಿನ ಸುಮ್ನೆ ಕೇಳಿದೆ, ನಿಮ್ಮ ಅಪ್ಪ ಏನು ಮಾಡುತ್ತಿದ್ದರು ಅಂತ. ಶಾಲೆ ಮೇಷ್ಟ್ರು ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎರಡು ವರ್ಷ ಮನೆಯಲ್ಲಿರಲಿಲ್ಲ" ಅಂದರು. ಗೋಲಿ ಒಟೊಕ್‌ನಲ್ಲಿದ್ದರಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೋಲಿ ಒಟೊಕ್ ಅಂದರೆ ಬೋಳು ದ್ವೀಪ. ಸ್ಟಾಲಿನ್ ಜೊತೆ ಜಗಳವಾದ ಮೇಲೆ, 1949ರಲ್ಲಿ, ಆಡ್ರಿಯಾಟಿಕ್ ಸಮುದ್ರದ ಆ ಬಂಡೆಯ ಮೇಲೆ ಸೆರೆಮನೆ ಮಾಡಿದರು. ಸ್ಟಾಲಿನ್ ಪರ ಎಂಬ ಅನುಮಾನ ಬಂದವರನ್ನೆಲ್ಲ ಅಲ್ಲಿಗೆ ಹಾಕಿದರು. 1956ರವರೆಗೆ ಸುಮಾರು 13,000 ಜನ. ನೂರಾರು ಜನ ಅಲ್ಲೇ ಸತ್ತರು. ಹೊಸಬರು ದೋಣಿಯಿಂದ ಇಳಿದ ಕೂಡಲೇ ಹಳೆಯ ಕೈದಿಗಳು ಎರಡು ಸಾಲಿನಲ್ಲಿ ನಿಂತು ಹೊಡೆಯಬೇಕು. ಹೊಡೆಯದಿದ್ದರೆ ಅವರಿಗೇ ಏಟು. ಕಲ್ಲು ಹೊತ್ತು ಮೇಲೆ ಒಯ್ಯುವುದು, ಅದೇ ಕಲ್ಲನ್ನು ಮತ್ತೆ ಕೆಳಗೆ ತರುವುದು. ಬಿಡುವಾಗ ಯಾರಿಗೂ ಬಾಯಿಬಿಡುವುದಿಲ್ಲ ಅಂತ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಅಜ್ಜಿಯ ಅಪ್ಪ ಸಾಯುವ ತನಕ ಹೇಳಲಿಲ್ಲ. ರೇಡಿಯೊದಲ್ಲಿ ಆ ಕಡೆಯ ಸಮುದ್ರದ ಹವಾಮಾನ ವರದಿ ಬಂದರೂ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರಂತೆ. ಬೇಸಿಗೆಯಲ್ಲೂ.

ಆದರೂ ಆ ಫೋಟೊ ಗೋಡೆಯ ಮೇಲಿದೆ. ಇದನ್ನು ನಾನು ಹೇಗೆ ಅರ್ಥ ಮಾಡಿಕೊಳ್ಳಲಿ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಇತಿಹಾಸದ ಮೇಷ್ಟ್ರು

ಬಹಳ ಒಳ್ಳೆಯ ಚರ್ಚೆ. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವನು ನಾನು. ಯುಗೊಸ್ಲಾವಿಯ ಅಂದ ಕೂಡಲೇ ಹುಡುಗರು "ಬೂದಿ ಮುಚ್ಚಿದ ಕೆಂಡ ಸರ್, ಟಿಟೊ ಸತ್ತ, ಗಾಳಿ ಬಂತು, ಉರಿಯಿತು" ಅಂತ ಬರೆಯುತ್ತಿದ್ದರು. ಆ ಉತ್ತರ ನನಗೆ ಯಾವತ್ತೂ ಒಪ್ಪಿಗೆಯಾಗಲಿಲ್ಲ. ಕೆಂಡ ಇತ್ತು, ಸರಿ. ಆದರೆ ಅದನ್ನು ಆರಿಸಬಲ್ಲವರೂ ಇದ್ದರು. ಅವರನ್ನು ಟಿಟೊನೇ ಮನೆಗೆ ಕಳಿಸಿದ. ನನ್ನ ಮಾತು ಇಷ್ಟೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಯುದ್ಧದ ಲೆಕ್ಕ. ಸತ್ತವರಲ್ಲಿ ಬಹಳ ಜನ ಜರ್ಮನರ ಕೈಯಲ್ಲಲ್ಲ, ಒಬ್ಬರ ಕೈಯಲ್ಲಿ ಇನ್ನೊಬ್ಬರು ಸತ್ತರು. ಹಿಟ್ಲರ್ ಪರ ಇದ್ದ ಕ್ರೊಯೇಷಿಯದ ಉಸ್ತಾಶಾಗಳು ಯಾಸೆನೊವಾಟ್ಸ್ ಶಿಬಿರದಲ್ಲಿ ಸರ್ಬರನ್ನು, ಯಹೂದಿಗಳನ್ನು, ರೋಮಾ ಜನರನ್ನು ಕೊಂದರು. ಸರ್ಬರ ಚೆಟ್ನಿಕ್ ಪಡೆಗಳು ಪೂರ್ವ ಬಾಸ್ನಿಯದಲ್ಲಿ ಮುಸ್ಲಿಮರ ಊರುಗಳನ್ನು ಸುಟ್ಟವು. 1945ರಲ್ಲಿ ಶರಣಾದ ಹತ್ತಾರು ಸಾವಿರ ಜನರನ್ನು ಟಿಟೊ ಸೈನ್ಯವೂ ವಿಚಾರಣೆ ಇಲ್ಲದೆ ಕೊಂದಿತು. ಯುದ್ಧ ಮುಗಿದ ಮೇಲೆ ಇದೆಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ 'ಫ್ಯಾಸಿಸಂಗೆ ಬಲಿಯಾದವರು' ಎಂದು ಚೀಟಿ ಅಂಟಿಸಿದರು. ತಮ್ಮ ಸೈನ್ಯ ಕೊಂದವರಿಗೆ ಆ ಚೀಟಿಯೂ ಇರಲಿಲ್ಲ. ಸರ್ಕಾರ ಸತ್ತವರು 17 ಲಕ್ಷ ಎಂದಿತು. 1964ರಲ್ಲಿ ಮನೆಮನೆಗೆ ಹೋಗಿ ಹೆಸರು ಬರೆದಾಗ 6 ಲಕ್ಷದಷ್ಟೇ ಸಿಕ್ಕಿತು. ಆ ಪಟ್ಟಿಯನ್ನು ಮುಚ್ಚಿಟ್ಟರು.

ಯಾಕೆ ಹೀಗೆ ಮಾಡಿದರು ಅಂತ ನನಗೆ ಅರ್ಥವಾಗುತ್ತದೆ. ಒಂದೇ ಬಾವಿಯ ನೀರು ಸೇದುವ ಎರಡು ಮನೆಯವರು ಮತ್ತೆ ಒಟ್ಟಿಗೆ ಬಾಳಬೇಕಿತ್ತು. ಹತ್ತು ವರ್ಷ ಬಾಯಿ ಮುಚ್ಚಿಸಿದ್ದರೆ ಒಪ್ಪಬಹುದಿತ್ತೇನೋ. ಮೂವತ್ತೈದು ವರ್ಷ ಮುಚ್ಚಿಸಿದರು. ಅಷ್ಟರಲ್ಲಿ ಪ್ರತಿ ಮನೆಯ ಅಡುಗೆಮನೆಯಲ್ಲಿ ಒಂದೊಂದು ಲೆಕ್ಕ ಬೆಳೆದಿತ್ತು. 1980ರ ದಶಕದಲ್ಲಿ ಬಾಯಿ ತೆರೆದಾಗ ಒಂದು ಕಡೆಯವರು ಯಾಸೆನೊವಾಟ್ಸ್‌ನಲ್ಲಿ 7 ಲಕ್ಷ ಎಂದರು, ಇನ್ನೊಂದು ಕಡೆಯವರು ಕೆಲವೇ ಹತ್ತು ಸಾವಿರ ಎಂದರು. ಇಬ್ಬರೂ ಒಪ್ಪುವಂಥ ಒಂದು ಪುಸ್ತಕ, ಒಂದು ಪಟ್ಟಿ ದೇಶದಲ್ಲಿರಲಿಲ್ಲ.

ಇನ್ನು 1971. ಇದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ. ಕ್ರೊಯೇಷಿಯದಲ್ಲಿ ಪಕ್ಷದ ನಾಯಕಿ ಸವ್ಕಾ ದಾಬ್ಚೆವಿಚ್ ಕುಚಾರ್. ಅರ್ಥಶಾಸ್ತ್ರ ಓದಿದ ಹೆಂಗಸು. ಸಮುದ್ರ ತೀರದ ಪ್ರವಾಸೋದ್ಯಮದಿಂದ ಬರುವ ವಿದೇಶಿ ಹಣ ಬೆಲ್‌ಗ್ರೇಡ್‌ನ ಬ್ಯಾಂಕುಗಳಿಗೆ ಹೋಗುತ್ತಿದೆ, ನಮಗೂ ಪಾಲು ಬೇಕು ಅಂತ ಕೇಳಿದರು. ಜನ ಚೌಕದಲ್ಲಿ ಸೇರಿ ಕೇಳುತ್ತಿದ್ದರು. ಆ ವರ್ಷ ಡಿಸೆಂಬರಿನಲ್ಲಿ ಕರಾಜೊರ್ಜೆವೊ ಎಂಬ ಬೇಟೆಯ ಬಂಗಲೆಯಲ್ಲಿ ಟಿಟೊ ಅವರನ್ನು ಕೂರಿಸಿಕೊಂಡು ರಾಜೀನಾಮೆ ಹಾದಿ ತೋರಿಸಿದ. ಮರುವರ್ಷ ಸರ್ಬಿಯದ ಸರದಿ. ಮಾರ್ಕೊ ನಿಕೆಜಿಚ್, ಲಾತಿಂಕಾ ಪೆರೋವಿಚ್. ಇವರು ಸರ್ಬರ ರಾಷ್ಟ್ರೀಯತೆಯನ್ನು ಬೆಳೆಸಿದವರಲ್ಲ, ತಡೆದವರು. ಸರ್ಬಿಯ ತನ್ನ ಕೆಲಸ ನೋಡಿಕೊಂಡರೆ ಸಾಕು, ಉಳಿದವರ ಮೇಲೆ ಯಜಮಾನಿಕೆ ಬೇಡ ಎಂದವರು. ಅವರೂ ಮನೆಗೆ. ಸ್ಲೊವೇನಿಯದ ಸ್ಟಾನೆ ಕಾವ್ಚಿಚ್ ಕೂಡ.

ಮಾತಾಡಿ ಬಗೆಹರಿಸಬಲ್ಲವರು ಮನೆಗೆ ಹೋದರು. ಹಟ ಹಿಡಿದವರು ಜೈಲಿಗೆ ಹೋದರು. ಮುಂದೆ ಕ್ರೊಯೇಷಿಯದ ಅಧ್ಯಕ್ಷನಾದ ಫ್ರಾನ್ಯೊ ತುಜ್ಮನ್‌ಗೆ 1972ರಲ್ಲಿ ಜೈಲು. ಟಿಟೊ ಸತ್ತ ಮೇಲೂ ಅದೇ ಚಾಳಿ, 1983ರಲ್ಲಿ, ಮುಂದೆ ಬಾಸ್ನಿಯದ ನಾಯಕನಾದ ಅಲಿಯಾ ಇಜೆತ್‌ಬೆಗೊವಿಚ್‌ಗೆ 14 ವರ್ಷ. ಹೊರಗೆ ಬಂದಾಗ ಜೈಲಿಗೆ ಹೋದವರೇ ವೀರರು. ಪಕ್ಷದ ಒಳಗೆ ಉಳಿದವರು ಮೇಲಿನವರ ಮುಖ ನೋಡಿ ತಲೆ ಆಡಿಸಲು ಕಲಿತವರು. 1991ರಲ್ಲಿ ದೇಶ ಒಡೆಯುವಾಗ ಮೇಜಿನ ಸುತ್ತ ಕೂತವರು ಯಾರು ನೋಡಿ, ಗೊತ್ತಾಗುತ್ತದೆ.

ಗಡಿನಾಡು

ಮೇಷ್ಟ್ರೇ, ಗೌರವದಿಂದಲೇ ಒಂದು ತಕರಾರು. ಎಲ್ಲವನ್ನೂ ಒಬ್ಬ ಸತ್ತವನ ತಲೆಗೆ ಕಟ್ಟಿದರೆ ಬದುಕಿದ್ದವರು ಮಾಡಿದ್ದು ಎಲ್ಲಿ ಹೋಯಿತು?

1987ರ ಏಪ್ರಿಲಿನಲ್ಲಿ, ಅಲ್ಬೇನಿಯನ್ನರೇ ಹೆಚ್ಚಿದ್ದ ಸರ್ಬಿಯದ ಕೊಸೊವೊ ಪ್ರಾಂತಕ್ಕೆ ಹೋಗಿ ಸರ್ಬರ ಗುಂಪಿನ ಮುಂದೆ ನಿಂತು, ಈ ಬೆಂಕಿಯಲ್ಲಿ ಅನ್ನ ಬೇಯುತ್ತದೆ ಅಂತ ಕಂಡುಕೊಂಡವನು ಆಗಿನ ಸರ್ಬಿಯದ ಪಕ್ಷದ ನಾಯಕ ಸ್ಲೊಬೊದಾನ್ ಮಿಲೊಶೆವಿಚ್. ಅದು ಅವನೇ ಆರಿಸಿಕೊಂಡ ದಾರಿ. ಬಾಸ್ನಿಯದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈನಲ್ಲಿ 8000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದದ್ದು ಕೈಯಲ್ಲಿ ಬಂದೂಕು ಹಿಡಿದ ಮನುಷ್ಯರು. ಅದಕ್ಕೆ 1971ರ ಸಭೆಯನ್ನು ಕಾರಣ ಮಾಡಿದರೆ ಅವರನ್ನು ಬಿಟ್ಟುಬಿಟ್ಟ ಹಾಗಾಗುತ್ತದೆ.

ಮತ್ತೆ ಹೊಟ್ಟೆಯ ವಿಷಯ. ಟಿಟೊ ಕಾಲದ ಸುಖ ಅರ್ಧ ಸಾಲದ್ದು. ಅವನು ಸತ್ತಾಗ ದೇಶದ ಮೇಲೆ 20 ಬಿಲಿಯನ್ ಡಾಲರ್ ಹತ್ತಿರ ವಿದೇಶಿ ಸಾಲ ಇತ್ತು. ಆಮೇಲೆ ಪೆಟ್ರೋಲಿಗೆ ಕೂಪನ್, ಕಾಫಿಗೆ ಕ್ಯೂ, ಸೋಪಿನ ಪುಡಿಗೆ ಕ್ಯೂ. 1989ರಲ್ಲಿ ಬೆಲೆಗಳು ವರ್ಷದಲ್ಲಿ ಹತ್ತು ಪಟ್ಟಿಗೂ ಮೀರಿ ಏರಿದವು. ಸ್ಲೊವೇನಿಯದವರ ತಲಾ ಆದಾಯ ಕೊಸೊವೊದವರ ಏಳೆಂಟು ಪಟ್ಟು. ಒಂದೇ ದೇಶದೊಳಗೆ! ಸಂಬಳದ ದಿನ ಸಂಜೆಗೇ ದುಡ್ಡಿನ ಬೆಲೆ ಇಳಿಯುವಾಗ ಪಕ್ಕದವನು ತಿಂದ ಎಂದು ಹೇಳುವವನ ಮಾತು ಬೇಗ ಹಿಡಿಸುತ್ತದೆ. ನಾನು ಎರಡು ಭಾಷೆಯ ಗಡಿಯಲ್ಲಿ ಬೆಳೆದವನು. ಮಳೆ ಹೋದ ವರ್ಷ ಜಗಳ ಜಾಸ್ತಿ ಆಗುವುದನ್ನು ಕಣ್ಣಾರೆ ನೋಡಿದ್ದೇನೆ.

ಇತಿಹಾಸದ ಮೇಷ್ಟ್ರು

ಗಡಿನಾಡು, ನಿಮ್ಮ ಮೊದಲ ಮಾತು ಪೂರ್ತಿ ಒಪ್ಪಿದೆ. ಕೊಂದವರ ಪಾಪ ಕೊಂದವರದೇ. ನಾನು ಬರೆದದ್ದು ಬೇರೆ ಅರ್ಥ ಕೊಟ್ಟಿದ್ದರೆ ತಿದ್ದಿಕೊಳ್ಳುತ್ತೇನೆ.

ಸಾಲದ ಮಾತಿಗೆ ಒಂದು ಸೇರಿಸುತ್ತೇನೆ. 1989ರಲ್ಲಿ ಪ್ರಧಾನಿಯಾದ ಆಂತೆ ಮಾರ್ಕೊವಿಚ್ ದಿನಾರನ್ನು ಜರ್ಮನ್ ಮಾರ್ಕಿಗೆ ಕಟ್ಟಿ ಬೆಲೆ ಏರಿಕೆಯನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. ಜನ ಅವರನ್ನು ಇಷ್ಟಪಟ್ಟರು. ಆದರೆ 1974ರ ಸಂವಿಧಾನ ಅಧಿಕಾರವನ್ನೆಲ್ಲ ಆರು ಗಣರಾಜ್ಯ, ಎರಡು ಸ್ವಾಯತ್ತ ಪ್ರಾಂತಗಳಿಗೆ ಹಂಚಿತ್ತು. ಟಿಟೊ ಆಜೀವ ಅಧ್ಯಕ್ಷ. ಅವನ ನಂತರ ಎಂಟು ಜನ, ವರ್ಷಕ್ಕೊಬ್ಬರಂತೆ ಸರದಿ. 1990ರಲ್ಲಿ ಚುನಾವಣೆ ನಡೆದದ್ದು ಒಂದೊಂದು ಗಣರಾಜ್ಯದಲ್ಲಿ ಬೇರೆ ಬೇರೆಯಾಗಿ. ಇಡೀ ದೇಶಕ್ಕೆ ಒಂದು ಚುನಾವಣೆ ನಡೆಯಲೇ ಇಲ್ಲ. ಇಡೀ ದೇಶದವನು ಅಂತ ಓಟು ಕೇಳಲು ಮಾರ್ಕೊವಿಚ್‌ಗೆ ಜಾಗವೇ ಇರಲಿಲ್ಲ. ಒಬ್ಬ ಮನುಷ್ಯನ ಅಳತೆಗೆ ಹೊಲಿದ ಅಂಗಿ ಅದು. ಅವನು ಹೋದ ಮೇಲೆ ಯಾರಿಗೂ ಆಗಲಿಲ್ಲ.

ಕರಾವಳಿ ಹುಡುಗಿ

ಇಲ್ಲಿ ಯಾರೂ ಕೊಸೊವೊದ ಅಲ್ಬೇನಿಯನ್ನರ ಮಾತೇ ಎತ್ತಿಲ್ಲ. ನನ್ನ ಜರ್ಮನಿಯ ಸಹೋದ್ಯೋಗಿ ಕೊಸೊವೊದವಳು. ಅವಳ ಮುಂದೆ 'ಟಿಟೊ ಕಾಲ' ಅಂದರೆ, ಯಾವ ಟಿಟೊ ಕಾಲ ಅಂತ ಕೇಳುತ್ತಾಳೆ. 1966ರ ಮುಂಚಿನದಾ, ಆಮೇಲಿನದಾ?

ಮುಂಚಿನದು ರಾಂಕೊವಿಚ್ ಎಂಬ ಗುಪ್ತ ಪೊಲೀಸ್ ಮುಖ್ಯಸ್ಥನ ಕಾಲ. ಆಯುಧ ಹುಡುಕುವ ನೆಪದಲ್ಲಿ ಪೊಲೀಸರು ಊರೂರಿಗೆ ನುಗ್ಗಿ ಹೊಡೆಯುತ್ತಿದ್ದರು. ಅವನನ್ನು ತೆಗೆದ ಮೇಲೆ ಅವಳ ಅಮ್ಮನಿಗೆ ಪ್ರಿಶ್ಟಿನಾದಲ್ಲಿ ತನ್ನ ಭಾಷೆಯಲ್ಲೇ ಯೂನಿವರ್ಸಿಟಿ ಓದು ಸಿಕ್ಕಿತು. ಮನೆಯಲ್ಲಿ ಮೊದಲ ಪದವಿ ಅದು. 1981ರಲ್ಲಿ ಅದೇ ಯೂನಿವರ್ಸಿಟಿಯ ಊಟದ ಹಾಲಿನಲ್ಲಿ ಕೆಟ್ಟ ಊಟದ ಬಗ್ಗೆ ಶುರುವಾದ ಗಲಾಟೆ ಬೀದಿಗೆ ಬಂತು, ನಮಗೂ ಗಣರಾಜ್ಯ ಬೇಕು ಅನ್ನುವ ಕೂಗಾಯಿತು. ಟ್ಯಾಂಕ್ ಬಂದವು.

2016ರಲ್ಲಿ ಗ್ಯಾಲಪ್ ಸಮೀಕ್ಷೆಯವರು ದೇಶ ಒಡೆದದ್ದರಿಂದ ಕೆಟ್ಟದ್ದಾಯಿತಾ ಅಂತ ಕೇಳಿದ್ದರು. ಸರ್ಬಿಯದಲ್ಲಿ ನೂರಕ್ಕೆ 81 ಜನ ಹೌದು ಅಂದರು. ಬಾಸ್ನಿಯದಲ್ಲಿ 77. ಕ್ರೊಯೇಷಿಯದಲ್ಲಿ 23. ಕೊಸೊವೊದಲ್ಲಿ ಬರೀ 10. ಆ ಹತ್ತನ್ನು ನೋಡದೆ ನಾವು ಇಲ್ಲಿ ಹಳೆಯ ಒಳ್ಳೆಯ ಕಾಲ ಅಂತ ಮಾತಾಡುವುದು ನ್ಯಾಯವಲ್ಲ.

ಪದಬೇಟೆ

ಭಾಷೆ ಎಂದಿದ್ದಕ್ಕೆ ಒಂದು ಮಾತು. ಮ್ಯಾಸಿಡೋನಿಯನ್ ಭಾಷೆಗೆ ಅಧಿಕೃತ ಲಿಪಿ, ಕಾಗುಣಿತ ಸಿಕ್ಕಿದ್ದು 1945ರಲ್ಲಿ. ಅದಕ್ಕೆ ಮುಂಚೆ ಬೆಲ್‌ಗ್ರೇಡ್‌ನವರು ಅದನ್ನು ದಕ್ಷಿಣದ ಸರ್ಬಿಯನ್ ಅನ್ನುತ್ತಿದ್ದರು, ಬಲ್ಗೇರಿಯದವರು ತಮ್ಮದೇ ಭಾಷೆಯ ಆಡುನುಡಿ ಅನ್ನುತ್ತಿದ್ದರು. ಸ್ವಂತ ಶಾಲೆ, ಪತ್ರಿಕೆ, ಯೂನಿವರ್ಸಿಟಿ ಎಲ್ಲ ಟಿಟೊ ಕಾಲದಲ್ಲೇ ಬಂದವು. ಮನೆಮಾತು ಶಾಲೆಗೆ ಬರುವುದು ಎಂಥ ದೊಡ್ಡ ವಿಷಯ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಅದೇ ಸರ್ಕಾರ 1967ರಲ್ಲಿ ಕ್ರೊಯೇಷಿಯದ ಬರಹಗಾರರು, ಭಾಷಾತಜ್ಞರು ನಮ್ಮ ಭಾಷೆಗೆ ಅದರದೇ ಹೆಸರಿರಲಿ ಎಂದು ಹೇಳಿಕೆಗೆ ಸಹಿ ಹಾಕಿದಾಗ ಅವರ ಮೇಲೆ ಮುರಿದುಬಿತ್ತು. ಕೊಟ್ಟರೆ ಮೇಲಿನಿಂದ ಕೊಡಬೇಕು, ಕೆಳಗಿನಿಂದ ಯಾರೂ ಕೇಳಬಾರದು. ನಮ್ಮಲ್ಲಿ 1956ಕ್ಕೆ ಮುಂಚೆ ಏಕೀಕರಣದ ಜಗಳ ಎಷ್ಟು ಜೋರಿತ್ತು! ಬೇಡ ಎನ್ನುವವರು ಮೈಸೂರಿನಲ್ಲೇ ಇದ್ದರು. ಆದರೆ ಪತ್ರಿಕೆಯಲ್ಲಿ ಬೈದಾಡಿಕೊಂಡರು, ವಿಧಾನಸಭೆಯಲ್ಲಿ ಕೂಗಾಡಿದರು, ಆಯೋಗದ ಮುಂದೆ ಹೋಗಿ ವಾದ ಮಾಡಿದರು.

ಹಳೇಸೇತುವೆ

ಕರಾವಳಿ ಹುಡುಗಿ, ಆ ಹತ್ತರ ಅಂಕಿ ನನಗೆ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಟಿಟೊ ದೊಡ್ಡ ಮನುಷ್ಯ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ 1971ರಲ್ಲಿ ಅವನಿಗೆ ಆಗಲೇ 79 ವರ್ಷ. ಜಾಗ ಬಿಟ್ಟುಕೊಡುವ ಬದಲು ಜಾಗಕ್ಕೆ ಬರಬಹುದಾದವರನ್ನು ತೆಗೆದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಲ್ಯುಬ್ಲಿಯಾನಾ ನಿವಾಸಿ

ನಾನಿರುವ ಊರಿನಿಂದ ಒಂದು ಮಾತು. ಟಿಟೊ ಹೋದ, ಪ್ರಜಾಪ್ರಭುತ್ವ ಬಂತು, ಎಲ್ಲ ಸರಿಹೋಯಿತು ಅಂತ ಯಾರೂ ತಿಳಿಯಬೇಡಿ. 1992ರ ಫೆಬ್ರವರಿ 26ರಂದು ಸ್ವತಂತ್ರ ಸ್ಲೊವೇನಿಯ 25,671 ಜನರನ್ನು ನಿವಾಸಿಗಳ ಪಟ್ಟಿಯಿಂದ ಸದ್ದಿಲ್ಲದೆ ಅಳಿಸಿತು. ಬಹುಪಾಲು ಬೇರೆ ಗಣರಾಜ್ಯಗಳಲ್ಲಿ ಹುಟ್ಟಿ ಇಲ್ಲಿ ಕೆಲಸಕ್ಕೆ ಬಂದವರು. ಹೊಸ ಪೌರತ್ವಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕದವರು, ಹಾಕಿಯೂ ಸಿಗದವರು. ಇಲ್ಲಿ ಅವರಿಗೆ 'ಅಳಿಸಿಹೋದವರು' ಅಂತಲೇ ಹೆಸರು.

ನನ್ನ ಜೊತೆ ಕೆಲಸ ಮಾಡುವವರ ತಾಯಿ ಅವರಲ್ಲೊಬ್ಬರು. ಕಾರ್ಡ್ ಹೊಸದು ಮಾಡಿಸಲು ಹೋದರು. ಕೌಂಟರಿನ ಹೆಂಗಸು ಕಾರ್ಡ್ ಇಸಕೊಂಡು, ಪಂಚಿಂಗ್ ಯಂತ್ರದಿಂದ ತೂತು ಹೊಡೆದು ವಾಪಸ್ ಕೊಟ್ಟರು. ಅಷ್ಟೇ. ಆಸ್ಪತ್ರೆ ಇಲ್ಲ, ಪಿಂಚಣಿ ಇಲ್ಲ. ಆ ತೂತಿನ ಕಾರ್ಡನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಬರುತ್ತದೆ ಅಂದುಕೊಂಡಿರಲಿಲ್ಲ. ವಿಯೆನ್ನಾದ ಅಕ್ಕ, ಒಂದು ಕೋರಿಕೆ. ಆ ಅಜ್ಜಿಗೆ ಬೇಸರ ಆಗದಿದ್ದರೆ ಕೇಳಿ ನೋಡಿ. ಅಪ್ಪನಿಗೆ ಅಷ್ಟೆಲ್ಲ ಆದ ಮೇಲೂ ಆ ಫೋಟೊ ಯಾಕೆ ಇಟ್ಟುಕೊಂಡಿದ್ದಾರೆ?

ವಿಯೆನ್ನಾ ಕನ್ನಡತಿ

ಇವತ್ತು ಮಧ್ಯಾಹ್ನ ಕೇಳಿದೆ. ಕೇಳಬಹುದಾ ಎಂದು ಮೊದಲು ಕೇಳಿ, ಆಮೇಲೆ ಕೇಳಿದೆ.

ಆ ಫೋಟೊ ತಂದವರು ಅವರ ಅಪ್ಪನೇ ಅಂತೆ. ದ್ವೀಪದಿಂದ ಬಂದ ಮರುವಾರ ಪೇಟೆಗೆ ಹೋಗಿ, ಚೌಕಟ್ಟು ಹಾಕಿಸಿ ತಂದು, ಬಾಗಿಲು ತೆರೆದ ಕೂಡಲೇ ಕಾಣುವ ಗೋಡೆಗೆ ಮೊಳೆ ಹೊಡೆದರು. ಯಾರು ಬಂದರೂ ಮೊದಲು ಅದೇ ಕಾಣಬೇಕಿತ್ತು. ಅಜ್ಜಿಗೆ ಆಗ ನಾಲ್ಕು ವರ್ಷ. ಅದೆಲ್ಲ ಗೊತ್ತಿಲ್ಲ. ಅವರು ಆ ಮುಖವನ್ನು ಪ್ರೀತಿಸುತ್ತಲೇ ಬೆಳೆದರು. ಶಾಲೆಯಲ್ಲಿದ್ದಾಗ, ಟಿಟೊ ಹುಟ್ಟುಹಬ್ಬ ಅಂತ ಆಚರಿಸುತ್ತಿದ್ದ ಮೇ 25ರ ಯುವಜನ ದಿನದ ಓಟದ ಕೋಲು ಅವರ ಊರಿನ ಮೇಲೆ ಹಾದು ಹೋಯಿತು. ಇವರಿಗೂ ಹಿಡಿದು ಓಡಲು ಸಿಕ್ಕಿತು. ಸೇತುವೆಯಿಂದ ಅಂಚೆ ಕಚೇರಿ ತನಕ. ಅಪ್ಪ ಜನರ ನಡುವೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

1992ರಲ್ಲಿ ಮನೆ ಬಿಡುವಾಗ ಒಂದು ಕೈಚೀಲ ಮಾತ್ರ. ಪಾಸ್‌ಪೋರ್ಟ್, ಕಾಫಿ ಪಾತ್ರೆ, ಈ ಫೋಟೊ. ಗೋಡೆಯಿಂದ ತೆಗೆದಾಗ ಹಿಂದಿನ ಸುಣ್ಣ ಮಾತ್ರ ಹೊಸದರ ಹಾಗೆ ಬೆಳ್ಳಗಿತ್ತಂತೆ. ಅಪ್ಪನ ಕೈಯ ವಸ್ತು ಅಂತ ಮನೆಯಲ್ಲಿ ಉಳಿದದ್ದು ಇದೊಂದೇ ಅಂದರು. ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.